ಹನ್ನೊಂದು ಜನ ಬೆಟ್ಟ ಹತ್ತಿದ್ದು

ಭಾನುವಾರ ಭಾನುವಾರ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವ ಗುಂಪು ನಮ್ಮದು. ಮನೆಯಲ್ಲಿ ಗಂಭೀರವಾಗಿರುವವರೂ ಇಲ್ಲಿಗೆ ಬಂದರೆ ಏನಾದರೊಂದು ಎಡವಟ್ಟು ಮಾಡಿಯೇ ತೀರುತ್ತಾರೆ. ಹೋದ ವರ್ಷ ಕರಾವಳಿಯ ದಟ್ಟ ಕಾಡು ಹಾದು ಅಲ್ಲಿನ ಬೆಟ್ಟದ ತುದಿ ಮುಟ್ಟೋಣ ಅಂತ ಹನ್ನೊಂದು ಜನ ಹೊರಟೆವು. ಮುಂದಾಳು ನಿವೃತ್ತ ಡ್ರಿಲ್ ಮೇಷ್ಟ್ರು.

ಗ್ರೀಸು

ಕಾಡಿನಲ್ಲಿ ರಕ್ತ ಹೀರುವ ಇಂಬಳಗಳ ಕಾಟ. ನಾವೆಲ್ಲ ಕಾಲಿಗೆ ಬೇವಿನೆಣ್ಣೆ ಸವರಿಕೊಂಡರೆ, ಉದಯಗಿರಿಯ ಗ್ಯಾರೇಜಿನಣ್ಣ ಗಾಡಿಯ ಗ್ರೀಸು ಬಳಿದುಕೊಂಡ. ಅಂಗಾಲನ್ನೂ ಬಿಡಲಿಲ್ಲ.

"ಹತ್ತಿದ ಇಂಬಳ ಎಲ್ಲಾ ಜಾರಿ ಬೀಳ್ಬೇಕು, ನೋಡ್ತಿರಿ!"

ಮೊದಲ ಇಳಿಜಾರಿನಲ್ಲೇ ಚಪ್ಪಲಿ ಮೇಲೆ ಉಳಿಯಿತು, ಅಣ್ಣ ಕೆಳಗೆ ಹೋದ. ನಾವು ಗಾಬರಿಯಿಂದ ಇಳಿದು ನೋಡಿದರೆ ಹಳ್ಳದಲ್ಲಿ ಕೂತಿದ್ದಾನೆ.

"ಏಟಾಯ್ತೇನಣ್ಣಾ?" ಅಂದೆ.

ಕಾಲು ತಿರುಗಿಸಿ ತಿರುಗಿಸಿ ನೋಡಿಕೊಂಡ. "ಒಂದ್ ಇಂಬಳಾನೂ ಹತ್ತಿಲ್ಲ ಕಣಕ್ಕಾ!"

ಹಾಜರಿ

ಮಂಜು ಕವಿಯಿತು. ಯಾರಾದರೂ ತಪ್ಪಿಸಿಕೊಂಡಾರು ಅಂತ ಮೇಷ್ಟ್ರು ಸಾಲಾಗಿ ನಿಲ್ಲಿಸಿ ತಮ್ಮನ್ನೂ ಸೇರಿಸಿ ಎಣಿಸಿದರು. ಹನ್ನೆರಡು! ಮತ್ತೆ ಎಣಿಸಿದರು. ಆಗಲೂ ಹನ್ನೆರಡು.

"ಕಮ್ಮಿ ಆದ್ರೆ ಹುಡುಕ್ಬಹುದು. ಜಾಸ್ತಿ ಆದ್ರೆ ಏನ್ರೀ ಮಾಡೋದು?"

ಆಗ ನನ್ನ ಡಬ್ಬಿಯ ಪುಳಿಯೋಗರೆ ತಿನ್ನುತ್ತಿದ್ದ ಅಪರಿಚಿತರೊಬ್ಬರು ಕೈಯೆತ್ತಿದರು. ಮಂಡ್ಯದವರ ಗುಂಪಿನಿಂದ ಬೆಳಗ್ಗೆಯೇ ತಪ್ಪಿಸಿಕೊಂಡಿದ್ದರಂತೆ.

"ಮೊದಲೇ ಹೇಳ್ಬಾರ್ದೇನ್ರೀ?"

"ನಮ್ಮೋರು ಬರೀ ಬಿಸ್ಕತ್ ತಂದವ್ರೆ ಸಾರ್."

ಸಮುದ್ರ

ನಮ್ಮತ್ತೆ ಹುಟ್ಟಿದಾರಭ್ಯ ಸಮುದ್ರ ನೋಡಿದವರಲ್ಲ. ತುದಿಯಿಂದ ಕಾಣುತ್ತೆ ಅಂತ ಮೇಷ್ಟ್ರು ಮಾತು ಕೊಟ್ಟದ್ದಕ್ಕೇ ನೋಯುವ ಮಂಡಿ ಹಿಡಿದುಕೊಂಡು ಹತ್ತಿದ್ದರು. ತುದಿಯಲ್ಲಿ ನೋಡಿದರೆ ನಾಲ್ಕೂ ಕಡೆ ಹಾಲಿನಂಥ ಮಂಜು.

"ಸಮುದ್ರ ನೋಡದೆ ನಾನಂತೂ ಇಳಿಯಲ್ಲ" ಅಂತ ಅತ್ತೆ ಬಂಡೆಯ ಮೇಲೆ ಕೂತೇಬಿಟ್ಟರು. ಮೇಷ್ಟ್ರ ಮುಖ ಬಾಡಿಹೋಯಿತು.

ಅರ್ಧ ಗಂಟೆಯಾದ ಮೇಲೆ ಮೇಷ್ಟ್ರೇ ಕೂಗಿದರು, "ಅಗೋ! ಅಲ್ಲಿ ಕೆಳಗೆ!"

ಹೌದು! ಮಂಜಿನ ಸಂದಿಯಲ್ಲಿ ನೀಲಿ, ಅಲೆ ಅಲೆಯಾಗಿ ಏಳುತ್ತಿದೆ. ಒಬ್ಬರಿಗೆ ಮೊರೆತವೂ ಕೇಳಿಸಿತು. ಅತ್ತೆ ಕಣ್ಣೊರೆಸಿಕೊಂಡು, "ಗಂಗಮ್ಮ ತಾಯೀ" ಅಂತ ಅರಿಶಿನ ಕುಂಕುಮ ಕೆಳಗೆ ಎರಚಿ ಕೈಮುಗಿದರು.

ಗಾಳಿ ಬೀಸಿ ಮಂಜು ಸರಿಯಿತು. ತಲೆತುಂಬ ಅರಿಶಿನ ಕುಂಕುಮ ಹೊತ್ತ ಮನುಷ್ಯನೊಬ್ಬ ಕೆಳಗಿನಿಂದ ಹತ್ತಿ ಬಂದ.

"ಅದು ಸಮುದ್ರ ಅಲ್ವೇನಪ್ಪಾ?" ಅಂದರು ಅತ್ತೆ.

"ಅಲ್ಲಮ್ಮ, ನನ್ನ ಚಾ ಅಂಗಡಿಯ ಟಾರ್ಪಾಲು. ನೀವು ಬೇಜಾರು ಮಾಡ್ಬೇಡಿ ಮಾರಾಯ್ರೆ, ಹೋದ ವಾರ ಬಂದವರಿಗೆ ಅದರಲ್ಲಿ ಹಡಗೂ ಕಂಡಿತ್ತು."