ಭಾವನ ದೋಣಿಗೆ ಅಡಿಕೆ ಚೊಗರು

ಮೀನು ಹಿಡಿಯಲೆಂದು ದೋಣಿ ಇಟ್ಟುಕೊಂಡು, ಮೀನಿಗೇ ಊಟ ಹಾಕಿ ಬರುವ ಮನುಷ್ಯರನ್ನು ನೀವು ನೋಡಿದ್ದೀರಾ? ನೋಡಿಲ್ಲದಿದ್ದರೆ ನಿಮ್ಮ ಪುಣ್ಯ. ನಾನು ಅಂಥವರೊಬ್ಬರ ಪಂಚೆ ಒಗೆದೇ ಅರ್ಧ ಆಯುಷ್ಯ ಕಳೆದೆ. ಅವರು ನಮ್ಮ ಭಾವ.

ಅಕ್ಕನನ್ನು ಕೊಟ್ಟ ಮನೆಗೇ, ಭಾವನ ತಮ್ಮನಿಗೆ ನನ್ನನ್ನೂ ಕೊಟ್ಟರು. ಚನ್ನಗಿರಿ ತಾಲ್ಲೂಕಿನಲ್ಲಿ ಸೂಳೆಕೆರೆ ಏರಿಗೆ ಕೂಗಳತೆ ದೂರದ ಊರು. ನಾವಿಬ್ಬರೂ ಜಗಳೂರು ಸೀಮೆಯ ಸೊಕ್ಕೆಯವರು. ನಮ್ಮ ಕಡೆ ನೀರು ಅಂದರೆ ಕೊಡದಲ್ಲಿರುವುದು, ಹೆಚ್ಚೆಂದರೆ ಹಂಡೆಯಲ್ಲಿ. ಮದುವೆಯಾದ ಹೊಸತರಲ್ಲಿ ಆ ಕೆರೆ ನೋಡಿದ ಅಕ್ಕ ತಲೆಸುತ್ತಿ ಏರಿಯ ಮೇಲೇ ಕೂತುಬಿಟ್ಟಳಂತೆ. ಅಂಥವಳ ಗಂಡನಿಗೆ ದೋಣಿಯ ಹುಚ್ಚು!

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಹೊನ್ನಾಳಿಯ ಹೊಳೆದಂಡೆಯಲ್ಲಿ ಯಾರೋ ಸೌದೆಗೆಂದು ಇಟ್ಟಿದ್ದ ಹಳೇ ದೋಣಿಯನ್ನು ಭಾವ ಎತ್ತಿನ ಗಾಡಿಯಲ್ಲಿ ಹೇರಿಕೊಂಡು ಬಂದರು. ಊರವರೆಲ್ಲ ನೋಡಲು ಬಂದರು; ಹೆಣ್ಣು ತಂದಾಗಲೂ ಇಷ್ಟು ಜನ ಬಂದಿರಲಿಲ್ಲ ಅಂತ ಅಕ್ಕ ಗೊಣಗಿದಳು. ಅವಳನ್ನು ಕೂರಿಸಿಕೊಂಡು ಒಂದು ಸಲ ಕೆರೆ ಸುತ್ತಿಸಬೇಕೆಂಬುದು ಭಾವನ ಹಟ. ಆ ಮರದ ತೊಟ್ಟಿಗೆ ಸತ್ತರೂ ಕಾಲಿಡೆನೆಂಬುದು ಅಕ್ಕನ ಹಟ.

"ಸೊಕ್ಕೆಯವಳಲ್ವಾ, ಸೊಕ್ಕು ಇರದೆ ಹೆಂಗಿರ್ತದೆ?" ಅಂತ ಭಾವ ನನ್ನ ಕಡೆ ತಿರುಗಿ ಹೇಳುವರು. ನಾನೂ ಸೊಕ್ಕೆಯವಳೇ ಎಂಬುದು ಅವರಿಗೆ ಆಗ ನೆನಪಿರುತ್ತಿರಲಿಲ್ಲ.

ಇನ್ನು ಅವರ ಮೀನುಗಾರಿಕೆ. ಕೊರಳಲ್ಲಿ ಲಿಂಗ, ಕೈಯಲ್ಲಿ ಗಾಳ! ಮನೆತನದಲ್ಲಿ ಮೀನಿನ ವಾಸನೆ ಕಂಡವರಿಲ್ಲ. ಎರೆಹುಳ ಮುಟ್ಟಲಾರರು, ಆದ್ದರಿಂದ ಗಾಳಕ್ಕೆ ಜೋಳದ ರೊಟ್ಟಿಯ ಚೂರು. ಮೀನಿನ ಬಾಯಿ ಹರಿದೀತೆಂದು ಗಾಳದ ಮುಳ್ಳನ್ನು ಅರದಲ್ಲಿ ಉಜ್ಜಿ ನುಣ್ಣಗೆ ಮಾಡಿದ್ದರು. ಮೀನುಗಳು ರೊಟ್ಟಿ ತಿಂದು ತಮ್ಮ ಪಾಡಿಗೆ ಹೋಗುತ್ತಿದ್ದವು. ಎಲ್ಲೋ ಒಂದು ದಡ್ಡ ಮೀನು ಸಿಕ್ಕಿಬಿದ್ದರೆ ಅದಕ್ಕೆ ಬುದ್ಧಿ ಹೇಳಿ ನೀರಿಗೆ ಬಿಡುವರು. ಇದು ಬೇಟೆಯೋ ದಾಸೋಹವೋ ನೀವೇ ಹೇಳಿ. ರೊಟ್ಟಿ ಬಡಿದು ಕೈಸೋತವಳು ಮಾತ್ರ ನಾನು.

ಅಕ್ಕನ ಮೊದಲ ತಕರಾರು, ದೋಣಿ ಸೋರುತ್ತದೆ ಎಂದು. ಅದಕ್ಕೆ ನಮ್ಮ ಮೇಧಾವಿ ಏನು ಹಚ್ಚಿದರು ಗೊತ್ತೇ? ಚೊಗರು! ಅಡಿಕೆ ಬೇಯಿಸಿದ ಹಂಡೆಯಲ್ಲಿ ಉಳಿಯುವ ಕೆಂಪು ರಸ. ಅಡಿಕೆಗೆ ಬಣ್ಣ ಕೂರಲೆಂದು ಹಚ್ಚುವ ಅದು ಬಟ್ಟೆಗೆ ತಾಗಿತೋ, ಬಟ್ಟೆ ಹರಿದರೂ ಕಲೆ ಹೋಗದು. ಚೊಗರು ಕುಡಿದ ಅಡಿಕೆಗೆ ಹುಳ ಬೀಳಲ್ಲ, ಹಲಗೆಗೆ ಬೀಳ್ತದಾ ಎಂಬುದು ಭಾವನ ವಾದ. ಹುಳ ಬೀಳಲಿಲ್ಲ ನಿಜ. ಆದರೆ ಚೊಗರು ಸಂದು ಮುಚ್ಚುತ್ತದೆಯೇ? ದೋಣಿ ಒಳ್ಳೇ ರಾಶಿ ಅಡಿಕೆಯಂತೆ ಹೊಳೆಯುತ್ತಾ ಮುಳುಗಿತು. ಪುಣ್ಯಕ್ಕೆ ಮೊಣಕಾಲುದ್ದ ನೀರಿನಲ್ಲಿ.

ಆಮೇಲೆ ಸಂದಿಗೆಲ್ಲ ಸೆಣಬು ತುರುಕಿ, ಹೊರಮೈಗೆ ಡಾಂಬರು ಬಳಿದರು. ಸೋರುವುದು ನಿಂತಿತು. ಬಿಸಿಲಿಗೆ ಡಾಂಬರು ಕರಗಿ ಅಂಟುತ್ತದೆಂದು ಕೂರುವ ಹಲಗೆಗೆ ಮಾತ್ರ ಚೊಗರೇ ಉಳಿಯಿತು. ಅದು ಒದ್ದೆಯಾದಾಗಲೆಲ್ಲ ಬಣ್ಣ ಬಿಡುತ್ತಿತ್ತು. ಚನ್ನಗಿರಿ ಪೇಟೆಯಲ್ಲಿ ಯಾರ ಪಂಚೆಯ ಹಿಂಭಾಗ ಕೆಂಪಗಿದ್ದರೂ, ಇವರು ಭಾವನ ದೋಣಿ ಹತ್ತಿದವರೆಂದು ಮುಖ ನೋಡದೆಯೇ ಹೇಳಬಹುದಿತ್ತು.

ಹುಟ್ಟು ಹಾಕುವ ಗಂಡನ ರಟ್ಟೆ ಸೋತರೆ ನಡುನೀರಲ್ಲಿ ಗತಿಯೇನು ಎಂಬುದು ಅಕ್ಕನ ಮುಂದಿನ ಪ್ರಶ್ನೆ. ಭಾವ ಸೀಮೆಎಣ್ಣೆ ಪಂಪ್‌ಸೆಟ್ಟಿನ ಇಂಜಿನ್ನಿಗೆ ರೆಕ್ಕೆ ಬೆಸೆಸಿ ದೋಣಿಗೆ ಕೂರಿಸಿದರು. ಅದರ ನಡುಕಕ್ಕೆ ಮೊಳೆಗಳೆಲ್ಲ ಸಡಿಲಾಗಿ ಒಂದೊಂದೇ ಮೇಲೆದ್ದವು.

"ಮೊಳೆ ಕೀಳಾಕೆ ಇಂಜಿನ್ ಯಾಕ್ರಿ, ಮನೇಲಿ ಇಕ್ಕಳ ಇರಲಿಲ್ಲೇನು?" ಅಂದಳು ಅಕ್ಕ, ತಣ್ಣಗೆ. ಇಂಜಿನ್ನು ಮರಳಿ ಬಾವಿಗೆ ಹೋಯಿತು.

ಮಗುಚಿದರೆ ಏನು ಹಿಡಿದುಕೊಳ್ಳಲಿ ಎಂದಳು. ಸುತ್ತಲೂ ಲಾರಿ ಟ್ಯೂಬುಗಳು ಬಂದವು. ದೋಣಿ ಕೋಡುಬಳೆ ಸರ ತೊಟ್ಟಂತಾಯಿತು. ಆ ಟ್ಯೂಬುಗಳು ಪಂಚರ್ ಆಗಿವೆಯೋ ಎಂದು ವಾರವಾರವೂ ಅದ್ದಿ ಗುಳ್ಳೆ ನೋಡುತ್ತಿದ್ದುದು ಎಲ್ಲಿ ಅನ್ನುತ್ತೀರಿ? ನಮ್ಮ ಕುಡಿಯುವ ನೀರಿನ ತೊಟ್ಟಿಯಲ್ಲಿ! ಅಷ್ಟು ದೊಡ್ಡ ಕೆರೆಯ ನೀರು ಆ ಕೆಲಸಕ್ಕೆ ಸಾಲುತ್ತಿರಲಿಲ್ಲವೇನೋ.

ಇಷ್ಟೆಲ್ಲ ಜತನ ಮಾಡುವ ಮಹಾನುಭಾವರು ಒಂದನ್ನು ಮಾತ್ರ ಮರೆಯುತ್ತಿದ್ದರು. ದಡಕ್ಕೆ ಬಂದಮೇಲೆ ದೋಣಿಯನ್ನು ಕಟ್ಟುವುದು! ನ್ಯಾಮತಿ ಸಂತೆಯಿಂದ ತಂದ ಹೊಸ ಹಗ್ಗ ದೋಣಿಯೊಳಗೇ ಸುತ್ತಿಕೊಂಡು ಮಲಗಿರುತ್ತಿತ್ತು. ಗಾಳಿ ಎದ್ದಾಗ ದೋಣಿ ತಾನೇ ವಿಹಾರ ಹೊರಟು, ಆಚೆ ದಡದ ಬೆಸ್ತರು ಎಳೆದು ತಂದು ಬಿಟ್ಟದ್ದೂ ಉಂಟು.

"ನಾನು ಒಳಗೆ ಕೂತಿದ್ರೆ ಏನಾಗ್ತಿತ್ತು?" ಎಂದಳು ಅಕ್ಕ.

"ಕೂರಾಕೇ ಒಲ್ಲೆ ಅಂತೀಯ, ಮತ್ತೆ ಹೆಂಗೆ ತೇಲಿ ಹೋಗ್ತೀಯ?" ಭಾವ ನಕ್ಕರು. ಅಕ್ಕ ನಗಲಿಲ್ಲ. ಅವರು ಕೆರೆಗೆ ಹೋದಷ್ಟು ಹೊತ್ತು ಅವಳು ಊಟಕ್ಕೆ ಕೂತದ್ದನ್ನು ನಾನು ನೋಡಿಲ್ಲ.

ಒಂದು ದಿನ ಬಟ್ಟೆ ಒಗೆಯುವಾಗ ಅಕ್ಕನ ತಿಳಿಹಳದಿ ಸೀರೆ ಕೈಗೆ ಬಂತು. ಹಿಂಭಾಗದಲ್ಲಿ ಹಲಗೆಯಗಲದ ಕೆಂಪು ಕಲೆ. ನಾನು ಸೀರೆಯನ್ನೂ ಅವಳನ್ನೂ ನೋಡಿದೆ. ಹಿಟ್ಟಿನ ಗಿರಣಿಗೆ ಹೋಗಿದ್ದೆನೆಂದಳು. ಗಿರಣಿಯಲ್ಲಿ ಹಿಟ್ಟು ಬೆಳ್ಳಗಿರುತ್ತದಲ್ಲಕ್ಕಾ ಎಂದೆ. ಆಗ ದನಿ ತಗ್ಗಿಸಿದಳು.

"ನಿನ್ನೆ ಅವರು ಹೊಲಕ್ಕೆ ಹೋದಾಗ ಒಬ್ಬಳೇ ಹೋಗಿ ಕೂತು ಬಂದೆ ಕಣೆ. ಅಷ್ಟೊಂದು ನೀರಿನ ಮ್ಯಾಲೆ ದಿನಾ ಕೂರ್ತಾರೆ, ಆ ಹಲಗೆ ಗಟ್ಟಿ ಐತೋ ಇಲ್ಲೋ ನೋಡಬ್ಯಾಡ್ವಾ? ಕುಕ್ಕಿ ಕುಕ್ಕಿ ಕೂತು ನೋಡಿದೆ. ಗಟ್ಟಿ ಐತೆ."

ಮಧ್ಯಾಹ್ನ ಊಟಕ್ಕೆ ಬಂದ ಭಾವ ತಂತಿಯ ಮೇಲೆ ಒಣಗುತ್ತಿದ್ದ ಸೀರೆಯ ಮುಂದೆ ನಿಂತರು. ಇನ್ನೇನು, ಸೊಕ್ಕು ಮುರಿಯಿತೆಂದು ಊರಿಗೆಲ್ಲ ಸಾರುತ್ತಾರೆ ಅಂದುಕೊಂಡೆ. ಸಾರಲಿಲ್ಲ. ಕಲೆಯ ಮೇಲೆ ಕೈಯಾಡಿಸಿದರು. ಮುಖ ಬಿಳುಚಿಕೊಂಡಿತ್ತು.

"ತಂಗಿ, ನಿನ್ನೆ ನಾನು ಹೊಲಕ್ಕೆ ಹೋದಾಗ ಒಬ್ಬಳೇ ಹೋಗಿದ್ಲಾ? ದೋಣಿಗೆ ಹಗ್ಗ ಕಟ್ಟಿದ್ನಾ ನಾನು?"

ನನಗೇನು ಗೊತ್ತು? ಉತ್ತರಕ್ಕೂ ಕಾಯದೆ ಸೈಕಲ್ ತೆಗೆದುಕೊಂಡು ಏರಿಯ ಕಡೆ ಹೊರಟೇಬಿಟ್ಟರು. ರೊಟ್ಟಿ ಬಡಿಸಿಕೊಂಡು ಹೊರಬಂದ ಅಕ್ಕ ಎಲ್ಲಿ ಹೋದರೆಂದು ಕೇಳಿದಳು. ದೋಣಿಗೆ ಹಗ್ಗ ಕಟ್ಟಿದ್ರೋ ಇಲ್ವೋ ನೋಡಾಕೆ ಹೋದ್ರು ಎಂದೆ.

"ಕಟ್ಟಿರಲಿಲ್ಲ," ಎಂದಳು ಅಕ್ಕ, ರೊಟ್ಟಿಯ ಮೇಲೆ ತಟ್ಟೆ ಮುಚ್ಚುತ್ತಾ. "ನಾನೇ ಕಟ್ಟಿ, ಆಮೇಲೆ ಕೂತೆ."