ಅರ್ಧ ಮಾತ್ರೆಯ ತಪಸ್ಸು

ಇವತ್ತು ಹಾಲು ಕಾಯಿಸಿದೆ. ಹುರುಳಿಕಾಳು ಬೇಯಲು ಇಟ್ಟೆ. ಯಜಮಾನರ ಅಂಗಿಗೆ ಗುಂಡಿ ಹೊಲಿದೆ. ಎರಡು ಸೀರೆ, ಒಂದು ಹೊದಿಕೆ ಒಗೆದು ತಂತಿಯ ಮೇಲೆ ಒಣಹಾಕಿದೆ. ಕರಿಬೇವಿನ ಗಿಡಕ್ಕೆ ನೀರು ಹಾಕಿದೆ. ತಲೆ ಬಾಚಿ, ತುರುಬು ಕಟ್ಟಿಕೊಂಡೆ. ಎರಡೂ ಕೈಯಿಂದ, ಯಾರ ನೆರವೂ ಇಲ್ಲದೆ. ಇದರಲ್ಲಿ ಬರೆಯುವಂಥದ್ದು ಏನಿದೆ ಎಂದು ಕೇಳುವವರು ಪುಣ್ಯವಂತರು. ಅವರ ತೋಳು ತಲೆಯವರೆಗೂ ಹೋಗುತ್ತದೆ, ಅದಕ್ಕೇ ಈ ಪ್ರಶ್ನೆ. ನನ್ನ ಮಟ್ಟಿಗೆ ಒದ್ದೆ ಹೊದಿಕೆಯನ್ನು ತಂತಿಯ ಮೇಲೆ ಎಸೆಯುವುದು ಸಾಹಸ. ತುರುಬು ಕಟ್ಟಿಕೊಳ್ಳುವುದಂತೂ ವೇದಿಕೆಗೆ ಕರೆದು ಶಾಲು ಹೊದಿಸಬೇಕಾದ ಸಾಧನೆ. ಶಾಲನ್ನು ಬೇರೆಯವರೇ ಹೊದಿಸುವುದರಿಂದ ನನ್ನ ಭುಜಕ್ಕೆ ಶ್ರಮವೂ ಇಲ್ಲ.

ನನ್ನ ಕಾಯಿಲೆಯ ಹೆಸರು ಪಾಲಿಮಯಾಲ್ಜಿಯಾ ರುಮ್ಯಾಟಿಕಾ. ಕೇಳಿದರೆ ರೋಮಾಪುರಿಯಲ್ಲಿ ಸಿಂಹದ ಬಾಯಿಗೆ ಬಿದ್ದು ಪ್ರಾಣಬಿಟ್ಟ ಯಾವುದೋ ಸಂತಳ ಹೆಸರಿನಂತಿದೆ. ಹಿನಕಲ್‌ನ ನಮ್ಮ ಬೀದಿಯಲ್ಲಿ ಇದನ್ನು ಹೇಳಿ ಮುಗಿಸುವಷ್ಟರಲ್ಲಿ ಕೇಳಿದವರು ಸೊಪ್ಪು ಕೊಂಡು ಮನೆ ಸೇರಿರುತ್ತಾರೆ. ಆದ್ದರಿಂದ ಸುಮ್ಮನೆ ಮೈಕೈ ನೋವು ಎನ್ನುತ್ತೇನೆ. ಓ, ಅದಾ, ನಮಗೂ ಇದೆ ಎಂದು ಎಲ್ಲರೂ ನೆಮ್ಮದಿಯಿಂದ ಹೇಳುತ್ತಾರೆ. ಇರಲಿ, ಹಂಚಿಕೊಂಡರೆ ಕಡಿಮೆಯಾಗುವುದಾದರೆ ಎಲ್ಲರಿಗೂ ಒಂದೊಂದು ಹಿಡಿ ಕೊಡಲು ಸಿದ್ಧಳಿದ್ದೇನೆ. ಇದು ಶುರುವಾದದ್ದು ಒಂದು ಬೆಳಿಗ್ಗೆ. ಹಾಸಿಗೆಯಲ್ಲಿ ಮಗ್ಗುಲು ಬದಲಿಸೋಣವೆಂದರೆ ಭುಜ, ಸೊಂಟ, ತೊಡೆ ಮೂರೂ ಒಟ್ಟಿಗೆ ಮುಷ್ಕರ ಹೂಡಿದ್ದವು. ನಮ್ಮ ಯಜಮಾನರು ಒಂಟಿಕೊಪ್ಪಲಿನಲ್ಲಿ ಮಿಕ್ಸಿ ರಿಪೇರಿ ಅಂಗಡಿ ಇಟ್ಟವರು. ಹಾಸಿಗೆಯ ಪಕ್ಕ ನಿಂತು, ತಲೆ ಕೆರೆದುಕೊಂಡು, ಮಿಕ್ಸಿಯಾಗಿದ್ದರೆ ಬುಶ್ ಬದಲಾಯಿಸಬಹುದಿತ್ತು ಎಂದು ತಮ್ಮ ಅಭಿಪ್ರಾಯ ತಿಳಿಸಿದರು. ಆಮೇಲೆ ಕೆಲವು ವಾರ ನನ್ನ ತಲೆ ಬಾಚಿದ್ದೂ ಅವರೇ. ಬಾಚುವುದೆಂದರೆ, ಸುಟ್ಟ ಮೋಟಾರಿನ ತಂತಿ ಬಿಡಿಸುತ್ತಾರಲ್ಲ, ಆ ಕ್ರಮದಲ್ಲಿ. ಕಾಯಿಲೆಯಿಂದ ಹೋಗದ ಕೂದಲು ಹೀಗೆ ಹೋಯಿತು.

ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿ ಸ್ಟೀರಾಯ್ಡ್ ಮಾತ್ರೆ ಬರೆದುಕೊಟ್ಟರು. ಅದನ್ನು ನುಂಗಿದ ಮಾರನೆಯ ದಿನವೇ ಎದ್ದು ಅಟ್ಟ ಗುಡಿಸಿದೆ ಎಂದರೆ ನೀವು ನಂಬುವುದಿಲ್ಲ, ಯಜಮಾನರೂ ನಂಬಲಿಲ್ಲ. ಏಣಿ ಹಿಡಿದುಕೊಂಡು ಕೆಳಗೆ ನಿಂತಿದ್ದವರು ಈ ಮಾತ್ರೆಯನ್ನು ಗ್ರೈಂಡರಿಗೂ ಹಾಕಿ ನೋಡಬೇಕು ಎಂದರು. ಆದರೆ ಬಿಟ್ಟಿಯಾಗಿ ಯಾವ ಮಾತ್ರೆಯೂ ಕೆಲಸ ಮಾಡುವುದಿಲ್ಲ. ನಿದ್ದೆ ಹೋಯಿತು, ಹಸಿವು ಬಂತು. ಮುಖವೋ, ಸಾಗಿನಲ್ಲಿ ಅದ್ದಲು ತಯಾರಾದ ಪೂರಿಯಂತೆ ಉಬ್ಬಿತು. ಹಳೆಯ ಕವಿಗಳು ಚಂದ್ರಮುಖಿ ಚಂದ್ರಮುಖಿ ಎಂದು ಹೊಗಳುತ್ತಿದ್ದರಲ್ಲ, ಅವರ ಕಾಲದಲ್ಲೂ ಈ ಮಾತ್ರೆ ಸಿಗುತ್ತಿತ್ತೆಂದು ನನಗೀಗ ಗುಮಾನಿ. ದಟ್ಟಗಳ್ಳಿಯಲ್ಲಿರುವ ನನ್ನ ನಾದಿನಿ ಸೆಲಿನ್ ನೋಡಲು ಬಂದವಳು, ನನ್ನ ಗಲ್ಲ ಹಿಡಿದು, “ಅತ್ತಿಗೆ, ಎಷ್ಟ್ ಲಕ್ಷಣವಾಗ್ ತುಂಬ್ಕೊಂಡಿದ್ದೀರ! ಕಾಯ್ಲೆ ಅಂದ್ರೆ ನಂಬೋರ್ ಯಾರು?” ಎಂದಳು. ಅವಳ ಹೊಸ ಮನೆಗೆ ಪಾಸ್ಕ ಹಬ್ಬ, ಅಂದರೆ ಈಸ್ಟರ್, ಮುಗಿದ ಮೇಲೆ ಫಾದರ್ ಬಂದು ಆಶೀರ್ವಾದ ಮಾಡುವುದಿದೆ, ಅವತ್ತು ಇಡೀ ಕುಟುಂಬ ನಿಂತು ಫೋಟೊ ತೆಗೆಸಿಕೊಂಡು, ದೊಡ್ಡದಾಗಿ ಕಟ್ಟು ಹಾಕಿಸಿ ಹಾಲ್‌ನಲ್ಲಿ ತೂಗುಹಾಕುತ್ತೇವೆ ಎಂದೂ ಹೇಳಿದಳು. ಅವಳು ಅತ್ತ ಹೋದದ್ದೇ ತಡ, ನಾನು ಕನ್ನಡಿಯ ಮುಂದೆ ನಿಂತೆ. ದಟ್ಟಗಳ್ಳಿಯ ಗೋಡೆಯ ಮೇಲೆ ಮುಂದಿನ ತಲೆಮಾರುಗಳೂ ನೋಡಲಿರುವ ಮುಖ ಇದೇ. ಪಾಸ್ಕದೊಳಗೆ ನನ್ನ ಹಳೆಯ ಮುಖ ನನಗೆ ವಾಪಸು ಬೇಕು ಎಂದು ಅಲ್ಲೇ ತೀರ್ಮಾನಿಸಿದೆ.

ಹಳೆಯ ಮುಖ ಬೇಕಾದರೆ ಮಾತ್ರೆ ಇಳಿಸಬೇಕು. ಇಳಿಸುವುದು ನಡೆದೇ ಇತ್ತು, ಚೂರು ಚೂರಾಗಿ, ತಿಂಗಳುಗಟ್ಟಲೆಯಿಂದ. ಅವಸರ ಬೇಡವೆಂದು ಡಾಕ್ಟರಮ್ಮ ಪ್ರತಿ ಸಲವೂ ಹೇಳುತ್ತಿದ್ದರು. ನಮ್ಮೊಳಗೇ ಈ ಔಷಧಿಯಂಥದ್ದನ್ನು ತಯಾರಿಸುವ ಒಂದು ಗ್ರಂಥಿ ಇದೆಯಂತೆ. ಹೊರಗಿನಿಂದ ಸಲೀಸಾಗಿ ಬರುತ್ತಿದೆಯಲ್ಲ ಎಂದು ಅದು ಕೆಲಸ ನಿಲ್ಲಿಸಿ ಮಲಗಿಬಿಟ್ಟಿರುತ್ತದಂತೆ. ಮೆಲ್ಲಗೆ ಎಬ್ಬಿಸಬೇಕು, ತಟ್ಟನೆ ಮಾತ್ರೆ ನಿಲ್ಲಿಸಿದರೆ ಪ್ರಾಣಕ್ಕೇ ಬಂದೀತು ಎಂದರು. ಈ ಸ್ವಭಾವ ನನಗೆ ಹೊಸದೇನಲ್ಲ, ಮಧ್ಯಾಹ್ನದ ಊಟವಾದ ಮೇಲೆ ನಮ್ಮನೆ ಸೋಫಾದ ಮೇಲೆ ದಿನವೂ ನೋಡುತ್ತೇನೆ. ಪ್ರತಿ ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿಸಿ ಬಂದು ವಾರದ ಮಾತ್ರೆಗಳನ್ನು ಅಳತೆಗೆ ಕತ್ತರಿಸುವ ಕೆಲಸ ಯಜಮಾನರದು. ವೈರು ಸುಲಿಯುವ ಬ್ಲೇಡನ್ನು ಬಿಸಿನೀರಿನಲ್ಲಿ ತೊಳೆದು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು, ವಜ್ರ ಕೊಯ್ಯುವವರಂತೆ ಕೂರುತ್ತಾರೆ. ಆಗ ಮನೆಯಲ್ಲಿ ಫ್ಯಾನು ಹಾಕುವಂತಿಲ್ಲ, ಸೀನುವಂತಿಲ್ಲ.

ಅಷ್ಟರಲ್ಲಿ ತಪಸ್ಸುಕಾಲ ಬಂತು. ಪಾಸ್ಕಕ್ಕೆ ಮುಂಚಿನ ಈ ದಿನಗಳಲ್ಲಿ ನಮ್ಮವರು ಏನಾದರೊಂದನ್ನು ಬಿಡುವುದು ಪದ್ಧತಿ. ಒಬ್ಬರು ಮಾಂಸ ಬಿಡುತ್ತಾರೆ, ಇನ್ನೊಬ್ಬರು ಸಿಹಿ ಬಿಡುತ್ತಾರೆ. ಯಜಮಾನರು ಪ್ರತಿ ವರ್ಷ ಕಾಫಿ ಬಿಟ್ಟು ಟೀ ಕುಡಿಯುತ್ತಾರೆ, ಇದನ್ನೂ ಸ್ವರ್ಗದಲ್ಲಿ ಬರೆದುಕೊಳ್ಳುತ್ತಾರೆಂದು ಅವರ ನಂಬಿಕೆ. ವಿಭೂತಿ ಬುಧವಾರ ಹಣೆಗೆ ಬೂದಿ ಹಚ್ಚಿಸಿಕೊಂಡು ಬರುವಾಗ ನನಗೊಂದು ದಿವ್ಯ ಆಲೋಚನೆ ಹೊಳೆಯಿತು. ನಾನು ಮಾತ್ರೆಯನ್ನೇ ಬಿಟ್ಟರೆ? ಪೂರ್ತಿ ಬಿಡುವಷ್ಟು ದಡ್ಡಿ ನಾನಲ್ಲ. ಅವರು ಕತ್ತರಿಸಿಟ್ಟದ್ದರಲ್ಲಿ ಮತ್ತೆ ಅರ್ಧ ಮಾಡಿ, ಒಂದು ಚೂರು ನುಂಗಿ, ಇನ್ನೊಂದನ್ನು ಕರಿಬೇವಿನ ಕುಂಡಕ್ಕೆ ಹಾಕುತ್ತಾ ಬಂದೆ. ದೇವರಿಗೆ ತ್ಯಾಗವೂ ಆಯಿತು, ಫೋಟೊಗೆ ಮುಖವೂ ಆಯಿತು. ಡಾಕ್ಟರಮ್ಮನಿಗೆ ಹೊಳೆಯದ್ದು ನನಗೆ ಹೊಳೆದದ್ದಕ್ಕೆ ಒಳಗೊಳಗೇ ಬೀಗಿದೆ. ಭುಜ ಸ್ವಲ್ಪ ಹಿಡಿಯತೊಡಗಿದಾಗ ತಪಸ್ಸೆಂದರೆ ಹಾಗೆಯೇ ಎಂದುಕೊಂಡೆ. ಕರಿಬೇವು ಮಾತ್ರ ದುಂಡಗೆ ಚಿಗುರಿತು.

ಕಳೆದ ಶುಕ್ರವಾರ ಸಂಜೆ ಶಿಲುಬೆ ಹಾದಿ. ಯೇಸುಸ್ವಾಮಿ ಶಿಲುಬೆ ಹೊತ್ತು ನಡೆದದ್ದನ್ನು ನೆನೆಯುತ್ತಾ, ದೇವಾಲಯದ ಕಾಂಪೌಂಡಿನ ಸುತ್ತ ಇರಿಸಿದ ಹದಿನಾಲ್ಕು ಚಿತ್ರಗಳ ಮುಂದೆ ಒಂದೊಂದಾಗಿ ನಿಂತು, ಮೊಣಕಾಲೂರಿ, ಪ್ರಾರ್ಥಿಸಿ, ಎದ್ದು ಮುಂದೆ ಹೋಗುವುದು. ಮೊದಮೊದಲು ಪಕ್ಕದವರ ಹೆಗಲು ಹಿಡಿದು ಎದ್ದೆ. ಏಳನೆಯದು ಸ್ವಾಮಿ ಎರಡನೆಯ ಬಾರಿ ಬೀಳುವ ಚಿತ್ರ. ಜಲ್ಲಿಯ ಮೇಲೆ ಮೊಣಕಾಲೂರಿದೆ. ಪ್ರಾರ್ಥನೆ ಮುಗಿಯಿತು. ಸ್ವಾಮಿ ಎದ್ದು ಮುಂದೆ ನಡೆದರು. ನಾನು ಏಳಲಿಲ್ಲ. ಸೊಂಟಕ್ಕೆ ಹೇಳಿದೆ, ತೊಡೆಗೆ ಹೇಳಿದೆ, ಯಾರೂ ಕೇಳಲಿಲ್ಲ. ಮುಂದಿದ್ದ ಕಂಬ ಹಿಡಿಯೋಣವೆಂದರೆ ತೋಳೂ ಮೇಲೇಳಲಿಲ್ಲ. ಜನ ನನ್ನನ್ನು ಬಳಸಿಕೊಂಡು, ಸದ್ದಾಗದಂತೆ ಹೆಜ್ಜೆ ಇಟ್ಟು, ಮುಂದೆ ಹೋದರು. ನಮ್ಮ ಸಭೆಯ ಹಿರಿಯರಾದ ಮರಿಯಮ್ಮನವರು ಪಕ್ಕದವರಿಗೆ, ಮೈಮರೆತಿದ್ದಾರೆ, ಮುಟ್ಟಬೇಡಿ ಎಂದು ಪಿಸುಗುಟ್ಟಿದ್ದು ಕೇಳಿಸಿತು. ಕೂಗೋಣವೆಂದರೆ ಸುತ್ತಲೂ ಅಷ್ಟು ಭಕ್ತಿ. ದೂರದಲ್ಲಿ ಗಂಡಸರ ಗುಂಪಿನಲ್ಲಿದ್ದ ಯಜಮಾನರು ನನ್ನ ಕಡೆ ಹೆಮ್ಮೆಯಿಂದ ನೋಡುತ್ತಿದ್ದರು.

ಎಲ್ಲ ಮುಗಿದು ಜನ ಕರಗಿದ ಮೇಲೆ ಅವರು ಬಂದು ಪಕ್ಕದಲ್ಲಿ ನಿಂತರು.

“ಸಾಕು ಏಳೇ. ದೇವ್ರಿಗೂ ಮನೆಗ್ ಹೋಗ್ಬೇಕು.”

“ಏಳಕ್ಕಾಗ್ತಿಲ್ಲ ಕಣ್ರೀ. ಮಾತ್ರೆ ಬಿಟ್ಬುಟ್ಟೆ.”

“ಪೂರ್ತಿನಾ?”

“ಅರ್ಧ.”

“ಅರ್ಧ ನಾನೇ ಕತ್ತರ್ಸಿದ್ನಲ್ಲ.”

“ಅದರಲ್ಲಿ ಅರ್ಧ.”

ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. ಅಂಗಡಿಯಲ್ಲಿ ಗ್ರೈಂಡರ್ ಎತ್ತುವ ಹಾಗೆ ನನ್ನ ಕಂಕುಳಿಗೆ ಕೈಹಾಕಿ, ಕಾಲಗಲಿಸಿ, ಉಸಿರು ಬಿಗಿಹಿಡಿದು ಎತ್ತಿ ನಿಲ್ಲಿಸಿದರು. ಗೇಟಿನವರೆಗೂ ಹಿಡಿದ ಕೈ ಬಿಡಲಿಲ್ಲ.

ಮಾರನೆಯ ದಿನ ಡಾಕ್ಟರಮ್ಮ ಬೈದದ್ದನ್ನು ಇಲ್ಲಿ ಬರೆಯುವುದಿಲ್ಲ, ಪಾಠವನ್ನಷ್ಟೇ ಬರೆಯುತ್ತೇನೆ. ಮಲಗಿರುವ ಗ್ರಂಥಿಯ ತಲೆಯ ಮೇಲೆ ತಣ್ಣೀರು ಸುರಿದಿದ್ದೀರಿ, ಎಚ್ಚರ ತಪ್ಪಿ ಬೀಳದೆ ಇದ್ದದ್ದು ನಿಮ್ಮ ಅದೃಷ್ಟ ಎಂದರು. ಮಾತ್ರೆ ಎರಡು ಮೆಟ್ಟಿಲು ಮೇಲಕ್ಕೆ ಹೋಯಿತು. ಅಲ್ಲಿಂದ ಮತ್ತೆ ಇಳಿಯಬೇಕು, ಅವರು ಹೇಳಿದಾಗ, ಅವರು ಹೇಳಿದಷ್ಟು. ಅಲ್ಲಿಗೆ ಪಾಸ್ಕದ ಮುಖದ ಆಸೆಯೂ ಮುಗಿಯಿತು. ಬರುವಾಗ ಸ್ಕೂಟರಿನ ಹಿಂದೆ ಕೂತು, ಫೋಟೊಗೆ ನಾನು ಬರುವುದಿಲ್ಲ ಎಂದೆ. “ಮುಖ ಎಂಗಾದ್ರೂ ಇರ್ಲಿ ಬುಡು. ಪಕ್ಕದಲ್ಲಿ ನೀನ್ ನೆಟ್ಟಗ್ ನಿಂತಿದ್ರೆ ಸಾಕು,” ಎಂದರು ಯಜಮಾನರು, ರಸ್ತೆಯಿಂದ ಕಣ್ಣು ತೆಗೆಯದೆ. ಮದುವೆಯಾದ ಮೇಲೆ ಅವರು ಆಡಿದ ಅತಿ ಉದ್ದದ ಪ್ರೇಮದ ಮಾತು ಇದು. ಹಾರ್ನ್ ಸದ್ದಿನಲ್ಲಿ ಅರ್ಧ ಹೋಯಿತು.

ಇವತ್ತು ಮತ್ತೆ ಶಿಲುಬೆ ಹಾದಿ. ಹಿಂದೆ ಕುರ್ಚಿ ಹಾಕಿಸಿಕೊಂಡು ಕೂತಿದ್ದೆ. ಆದರೂ ಹೆಂಗಸರು ಹುಡುಕಿಕೊಂಡು ಬಂದರು. ಒಬ್ಬರಿಗೆ ಸೊಸೆಯ ಹೆರಿಗೆ, ಇನ್ನೊಬ್ಬರಿಗೆ ಮಗನ ಪರೀಕ್ಷೆ, ಮರಿಯಮ್ಮನವರಿಗೆ ಮೊಮ್ಮಗಳ ಮದುವೆ. ಎಲ್ಲದಕ್ಕೂ ನಾನು ಪ್ರಾರ್ಥಿಸಬೇಕಂತೆ. ಮರಿಯಮ್ಮನವರ ಕೈ ಹಿಡಿದು, ಅವತ್ತು ಭಕ್ತಿಯಲ್ಲ ಅಮ್ಮ, ಸೊಂಟ ಹಿಡಿದುಕೊಂಡಿತ್ತು ಎಂದು ನಿಜವನ್ನೇ ಹೇಳಿದೆ. ಅವರು ಕಣ್ಣೊರೆಸಿಕೊಂಡು ಉಳಿದವರ ಕಡೆ ತಿರುಗಿ, “ನೋಡ್ರಮ್ಮ, ಎಂಥ ದೀನತೆ,” ಎಂದರು. ಇನ್ನು ನಾನು ಏನು ಹೇಳಿದರೂ ಉಳಿಗಾಲವಿಲ್ಲ.

ರಾತ್ರಿ ಊಟಕ್ಕೆ ಮುದ್ದೆ, ಹುರುಳಿಕಾಳಿನ ಬಸ್ಸಾರು, ದುಂಡು ಕರಿಬೇವಿನ ಒಗ್ಗರಣೆ. ಯಜಮಾನರು ಒಂದು ಮುದ್ದೆ ಉಂಡರು. ನಾನು ಎರಡು ಉಂಡು, ಪಾತ್ರೆಗೆ ಅಂಟಿದ್ದನ್ನೂ ಕೆರೆದುಕೊಂಡೆ. ಹಸಿವು ನನ್ನದಲ್ಲ, ಮಾತ್ರೆಯದು. ಈ ಮನೆಯಲ್ಲಿ ಎಲ್ಲರಿಗಿಂತ ಮೊದಲು ಮಲಗಿದ್ದು ಆ ಗ್ರಂಥಿ, ಇನ್ನೂ ಎದ್ದಿಲ್ಲ. ಅದರ ನಂತರ ಯಜಮಾನರು, ದಿಂಬು ಮುಟ್ಟುವ ಮೊದಲೇ. ನನಗೆ ಎಂದಿನಂತೆ ನಿದ್ದೆ ಬರಲಿಲ್ಲ. ಹೇಗೂ ಎಚ್ಚರವಾಗಿದ್ದೆನಲ್ಲ, ಸುಮ್ಮನೆ ಬಿದ್ದುಕೊಂಡಿರುವುದೇಕೆಂದು ಮೊದಲು ಹೆರಿಗೆ, ಆಮೇಲೆ ಪರೀಕ್ಷೆ, ಕೊನೆಗೆ ಮದುವೆ, ಎಲ್ಲವನ್ನೂ ಒಂದೊಂದಾಗಿ ದೇವರ ಕಿವಿಗೆ ಹಾಕಿದೆ, ಮಲಗಿಕೊಂಡೇ.