ಇಳಕಲ್ಲಿನ ಹರವಿಯಲ್ಲಿ ತಣ್ಣಗಾದ ಸಮುದ್ರ

ಇಂದ್ರವ್ವನಿಗೆ ಒಂದು ರೂಢಿಯಿತ್ತು. ಹೊರಗಿನಿಂದ ಬಂದ ನೀರು ಯಾವುದೇ ಇರಲಿ, ಅದನ್ನು ಪ್ಲಾಸ್ಟಿಕ್ ಕ್ಯಾನಿನಲ್ಲಿ ಬಿಡುತ್ತಿರಲಿಲ್ಲ. ಮಣ್ಣಿನ ಹರವಿಗೆ ಸುರುವಿ, ಹರವಿಯನ್ನು ಹಸಿ ಉಸುಕಿನ ಮೇಲೆ ಕೂಡ್ರಿಸಿ, ಹಳೆಯ ಸೀರೆಯ ತುಂಡು ತೋಯಿಸಿ ಸುತ್ತುತ್ತಿದ್ದಳು. ಬ್ಯಾಸಗಿಯಲ್ಲಿ ಇಳಕಲ್ಲಿನ ಯಾವ ಮನೆಯಲ್ಲೂ ಇದು ತಪ್ಪಲ್ಲ. ಆದರೆ ಇಂದ್ರವ್ವ ಕೆಲಸಕ್ಕಿದ್ದದ್ದು ಸಮುದ್ರ ತಾಪ ನಿರ್ಣಯ ಕಚೇರಿಯಲ್ಲಿ.

ಆ ಕಚೇರಿ ಇಳಕಲ್ಲಿನಲ್ಲಿರುವುದಕ್ಕೆ ಸಕಾರಣವಿದೆ. ಕರಾವಳಿಯಲ್ಲಿ ತೆರೆದರೆ ಸಿಬ್ಬಂದಿ ಸಮುದ್ರದ ಪ್ರಭಾವಕ್ಕೆ ಒಳಗಾಗುವ ಸಂಭವವಿದ್ದುದರಿಂದ, ನಿಷ್ಪಕ್ಷಪಾತದ ದೃಷ್ಟಿಯಿಂದ ಅದನ್ನು ಸಮುದ್ರ ಕಾಣದ ಊರಿನಲ್ಲಿ ಸ್ಥಾಪಿಸತಕ್ಕದ್ದೆಂದು ಆದೇಶವಾಗಿತ್ತು. ಸಾಹೇಬರಾದ ಕಾಶಪ್ಪನವರಿಂದ ಹಿಡಿದು ಎಲ್ಲರೂ ತಾವು ಸಮುದ್ರವನ್ನು ನೋಡಿಲ್ಲವೆಂದು ಪ್ರಮಾಣಪತ್ರ ಕೊಟ್ಟೇ ಸೇರಿದವರು. ಒಮ್ಮೆ ನೋಡಿದರೆ ನೌಕರಿ ರದ್ದು.

ವಾರಕ್ಕೊಮ್ಮೆ ಅಂಕೋಲೆ ಕಡೆಯ ಬಸ್ಸಿನಲ್ಲಿ ಸಮುದ್ರ ಕ್ಯಾನಿನಲ್ಲಿ ಬರುತ್ತಿತ್ತು. ಇಂದ್ರವ್ವ ಹರವಿಗೆ ಸುರುವುತ್ತಿದ್ದಳು. ಮರುದಿನ ಬೆಳಿಗ್ಗೆ ತಬಸುಮ ಎಂಬ, ಹೊಸದಾಗಿ ಸೇರಿದ ಮೆಲುಮಾತಿನ ಹುಡುಗಿ ಅದರಲ್ಲಿ ಥರ್ಮಾಮೀಟರ್ ಅದ್ದುತ್ತಿದ್ದಳು. ಇಪ್ಪತ್ನಾಲ್ಕು ಡಿಗ್ರಿ. ಮೂವತ್ತೊಂದು ದಾಟಿದರೆ ಮಾತ್ರ ‘ಕಾದ ಸಮುದ್ರ’ವೆಂಬ ಘೋಷಣೆ, ಘೋಷಣೆಯಾದರೆ ಮಾತ್ರ ಮೀನುಗಾರರಿಗೆ ಪರಿಹಾರ. ಜಗತ್ತಿನ ಸಮುದ್ರಗಳೆಲ್ಲ ಕಾಯುತ್ತಿರುವಾಗ ನಮ್ಮದೊಂದೇ ತಣ್ಣಗಿರುವುದನ್ನು ಮೆಚ್ಚಿ ಮೇಲಿನವರು ಕಾಶಪ್ಪನವರಿಗೆ ಶಾಲು ಹೊದಿಸಿದರು. ಉಣ್ಣೆಯ ಶಾಲು. ಮೇ ತಿಂಗಳಾದರೂ ಅವರದನ್ನು ತೆಗೆಯಲಿಲ್ಲ.

ಮರುವಾರ ಅಂಕೋಲೆ ಕಡೆಯ ಬಸ್ಸಿನಲ್ಲಿ ಗುಲಾಬಿ ಹರಿಕಂತ್ರ ಬಂದಳು. ಹೊಳೆ ಸಮುದ್ರ ಸೇರುವ ಅಳಿವೆಯಲ್ಲಿ ಹಗ್ಗ ಇಳಿಬಿಟ್ಟು ನೀಲಿಕಲ್ಲೆಂಬ ಚಿಪ್ಪು ಬೆಳೆಸುವ ಹೆಂಗಸು. ಚೀಲವನ್ನು ಮೇಜಿನ ಮೇಲೆ ಬೋರಲು ಹಾಕಿದಳು. ಚಿಪ್ಪುಗಳೆಲ್ಲ ಬಾಯಿ ತೆರೆದುಕೊಂಡಿದ್ದವು.

“ಎಂತ ಹೇಳೂದು ಸಾಯಬ್ರೇ, ನೀರು ಕಾದು ಹಗ್ಗದ ಮೇಲೇ ಬೆಂದ್ಹೋದ್ವು. ಬಂಗಡೆ ದಡಕ್ಕೇ ಬರೂದಿಲ್ಲ. ಸಮುದ್ರ ಕಾದಿದೆ ಅಂತ ನೀವೊಂದು ಮಾತು ಬರೆದ್ರೆ ಹೊಸ ಮರಿ ಕೊಡ್ತಾರೆ. ಇಲ್ಲಾಂದ್ರೆ ಮಳೆ ಮುಗಿದ ಮೇಲೆ ನಮ್ಮ ಕೇರಿ ಹೆಂಗಸರೆಲ್ಲ ಖಾಲಿ ಹಗ್ಗ ನೋಡ್ತಾ ಕೂತ್ಕಳ್ಳೂದೇ.”

“ಬಾಯಿ ತಗದಾವು ಅಂದ ಕೂಡ್ಲೆ ಸತ್ತಾವು ಅಂತ ಹ್ಯಾಂಗ ಹೇಳ್ತೀ ಬೇ?” ಕಾಶಪ್ಪನವರು ಒಂದು ಚಿಪ್ಪನ್ನು ತಿರುಗಿಸಿ ನೋಡಿದರು. “ನಮ್ಮ ಸಿಬ್ಬಂದಿನೂ ಊಟ ಆದ ಮ್ಯಾಲೆ ಹಿಂಗ ಇರ್ತಾರ.”

ತಬಸುಮಳಿಗೆ ತಡೆಯಲಾಗಲಿಲ್ಲ. “ಸರ್, ತಣ್ಣಗಿರೂದು ಹರವಿರಿ. ಸಮುದ್ರ ಅಲ್ಲ.”

“ಹಂಗಂದ್ರ?” ಇಂದ್ರವ್ವ ಸೊಂಟಕ್ಕೆ ಕೈಯಿಟ್ಟಳು. “ಅಷ್ಟು ದೂರದಿಂದ ಬಂದ ನೀರನ್ನ ಬಿಸಲಾಗ ಕುದಿಯಾಕ ಬಿಡಬೇಕಿತ್ತೇನ? ಭಾಳ ಸಾಲಿ ಕಲತಿ ಬಿಡವಾ!”

ಕಾಶಪ್ಪನವರು ನಿಷ್ಪಕ್ಷಪಾತಿ. ಅಂದಿನ ಬಸ್ಸಿಗೆ ಬಂದು ಅಂಗಳದ ಬಿಸಿಲಲ್ಲೇ ಉಳಿದಿದ್ದ ಕ್ಯಾನಿಗೆ ನೇರವಾಗಿ ಥರ್ಮಾಮೀಟರ್ ಹಾಕಿಸಿದರು. ಮೂವತ್ತೊಂಬತ್ತು. ಗುಲಾಬಿಯ ಮುಖ ಅರಳಿತು.

“ಅದು ಇಳಕಲ್ಲಿನ ಬಿಸಲು,” ಎಂದರು ಸಾಹೇಬರು.

“ಹಂಗಾರ ಇಪ್ಪತ್ನಾಕು ಯಾರದ್ರಿ?” ತಬಸುಮ ನೆಲ ನೋಡುತ್ತ ಕೇಳಿದಳು.

“ಅದು ಸಮುದ್ರದ್ದು.”

ನಿಯಮ ಸ್ಪಷ್ಟವಿತ್ತು: ಹೆಚ್ಚಿನ ತಾಪ ಸ್ಥಳೀಯ, ಕಡಿಮೆ ತಾಪ ಸಾಗರೀಯ. ಆದರೂ ಸಂಶಯ ಉಳಿಯಬಾರದೆಂದು ಅವರು ಮೇಲಿನವರಿಗೆ ಫೋನಿನಲ್ಲಿ ಎಲ್ಲವನ್ನೂ ವಿವರಿಸಿದರು. ಒಂದೇ ರಾತ್ರಿಯಲ್ಲಿ ಸಮುದ್ರವನ್ನು ತಣಿಸುವ ಹರವಿಯ ವಿಷಯ ಇಷ್ಟು ದಿನ ಮುಚ್ಚಿಟ್ಟದ್ದೇಕೆಂದು ಮೇಲಿನವರು ಗದರಿದರು. ಚಹಾ ಬರುವುದರೊಳಗೆ ಆದೇಶ ಬಂತು: ಕರಾವಳಿಯುದ್ದಕ್ಕೂ ಹರವಿಗಳನ್ನು ಇಡತಕ್ಕದ್ದು. ಸಮುದ್ರವನ್ನು ಕಂತುಗಳಲ್ಲಿ ಸುರಿದು, ತಣಿಸಿ, ಮರಳಿ ಬಿಡತಕ್ಕದ್ದು. ತಣಿದ ಭಾಗವು ಕಾದ ಭಾಗದೊಂದಿಗೆ ಬೆರೆಯದಂತೆ ಮೀನುಗಾರರು ನೋಡಿಕೊಳ್ಳತಕ್ಕದ್ದು. ಒಡೆದ ಹರವಿಗೆ ಸಮುದ್ರವೇ ಹೊಣೆ.

ಹರವಿಗಳ ಗುತ್ತಿಗೆ ಕಾಶಪ್ಪನವರ ಅಳಿಯನಿಗೆ ಸಿಕ್ಕಿತು. ಅವನೂ ಸಮುದ್ರ ನೋಡಿರಲಿಲ್ಲ, ಅರ್ಹತೆಯಲ್ಲಿ ಕೊರತೆಯಿರಲಿಲ್ಲ. ಇಂದ್ರವ್ವ ‘ಸಾಗರ ಶೀತಲೀಕರಣ ತಜ್ಞೆ’ಯಾದಳು.

“ಪಗಾರ ಹೆಚ್ಚಾಕ್ಕತೇನ್ರಿ?”

“ಗೌರವ ಹೆಚ್ಚಾಕ್ಕತಿ.”

“ಇರ್ಲಿ ಬಿಡ್ರಿ,” ಎಂದು ತಜ್ಞೆ, ದಣಿದು ಕೂತ ಗುಲಾಬಿಗೆ ಕುಡಿಯುವ ನೀರಿನ ಹರವಿಯಿಂದ ಒಂದು ತಂಬಿಗೆ ನೀರು ತಂದುಕೊಟ್ಟಳು. ಗುಲಾಬಿ ಗಟಗಟನೆ ಕುಡಿದಳು. “ಅಬ್ಬಾ, ತಂಪಿದೆ,” ಎಂದಳು.

ಅರ್ಜಿದಾರಳು ಸ್ವತಃ ಪರೀಕ್ಷಿಸಿ ನೀರು ತಂಪಿದೆಯೆಂದು ಒಪ್ಪಿಕೊಂಡಿರುವುದಾಗಿ ಕಾಶಪ್ಪನವರು ಕೂಡಲೇ ಬರೆಸಿದರು. ಯಾವ ನೀರು ಎಂಬುದಕ್ಕೆ ಕಾಲಂ ಇರಲಿಲ್ಲ.

ಗುಲಾಬಿ ಚಿಪ್ಪುಗಳನ್ನು ಮತ್ತೆ ಚೀಲಕ್ಕೆ ತುಂಬಿದಳು. ಬಸ್ಸಿನ ಹೊತ್ತಾಗಿತ್ತು. ಮೆಟ್ಟಿಲಿಳಿದವಳು ತಿರುಗಿ ನಿಂತು ತಬಸುಮಳನ್ನು ಕರೆದಳು.

“ತಂಗೀ, ಆ ಗಾಜಿನ ಕಡ್ಡಿ ತಕಂಡು ಒಂದ್ಸಲ ನಮ್ಮೂರಿಗೆ ಬಾ. ಸಮುದ್ರದಲ್ಲೇ ಅದ್ದಿ ನೋಡು. ನಿನ್ನ ಕಣ್ಣಿಂದ ನೋಡು, ಸಾಕು.”

ಒಳಗಿನಿಂದ ಕಾಶಪ್ಪನವರು ಶಾಲು ಸರಿಪಡಿಸಿಕೊಳ್ಳುತ್ತ ತಬಸುಮಳತ್ತಲೇ ನೋಡುತ್ತಿದ್ದರು. ಅವಳ ಮುಷ್ಟಿಯಲ್ಲಿದ್ದ ಥರ್ಮಾಮೀಟರ್ ಆಗಲೇ ಮೂವತ್ತೊಂದು ದಾಟಿತ್ತು.

“ಬರ್ತ್ಯಾ ತಂಗೀ?” ಗುಲಾಬಿ ಮತ್ತೊಮ್ಮೆ ಕೇಳಿದಳು.